ಕಲಬುರಗಿಯ ಹಳೇ ಕಾರುಗಳನ್ನು ಕೊಯ್ಯಬೇಡಿ

ಕಲಬುರಗಿಯಲ್ಲಿ ನೋಡುವಂಥ ಕಾರು ಏನಿದೆ ಅಂತ ಬೆಂಗಳೂರಿನ ಗೆಳೆಯರು ಆಗಾಗ ಕೇಳುತ್ತಾರೆ. ತುಂಬಾ ಇವೆ. ಆದರೆ ಹುಡುಕುವವರಿಗೆ ಮಾತ್ರ ಸಿಗುತ್ತವೆ. ಅಲ್ಲಿನ ಯು.ಬಿ. ಸಿಟಿ ಮಾಲ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಫೆರಾರಿಯೋ ಲ್ಯಾಂಬೋರ್ಗಿನಿಯೋ ತಾನಾಗೇ ಕಣ್ಣಿಗೆ ಬೀಳಬಹುದು. ನಮ್ಮಲ್ಲಿ ಬ್ರಹ್ಮಪುರದ ಓಣಿಗಳಲ್ಲಿ ನಡೆದಾಡಬೇಕು. ಶಹಾಬಜಾರ್ ಸುತ್ತಬೇಕು. ನೆಹರು ಗಂಜ್‌ನಲ್ಲಿ ಅಡತಿ ಅಂಗಡಿಗಳ ಹಿಂದೆ ಇಣುಕಬೇಕು. ಕಪನೂರಿನ ಗ್ಯಾರೇಜ್‌ಗಳ ಮುಂದೆ ಗಾಡಿ ನಿಧಾನ ಮಾಡಬೇಕು. ಆಗ ಒಂದು ಫಿಯಟ್ ಪದ್ಮಿನಿ ಸಿಗುತ್ತದೆ, ಟಾರ್ಪಾಲಿನ್ ಹೊದ್ದ ಅಂಬಾಸಡರ್ ಸಿಗುತ್ತದೆ, ಎತ್ತರದ ಬಾನೆಟ್ಟಿನ ಮಹೀಂದ್ರ ಜೀಪು ಸಿಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರಿನ ಕ್ಲಾಸಿಕ್ ಕಾರುಗಳು ಇವೇ. ಕೋಟಿ ಬೆಲೆಯ ವಿದೇಶಿ ಕಾರು ನೋಡಲು ನನಗೂ ಇಷ್ಟ, ಅದರ ಬಗ್ಗೆ ತಕರಾರಿಲ್ಲ. ಆದರೆ ಅದು ನಾಳೆಯೂ ಇರುತ್ತದೆ, ನಾಡಿದ್ದೂ ಇರುತ್ತದೆ. ನಮ್ಮ ಓಣಿಯ ಫಿಯಟ್ ಮುಂದಿನ ವರ್ಷ ಇರುತ್ತದೆ ಅನ್ನುವ ಭರವಸೆ ಇಲ್ಲ. ಅದನ್ನು ಇದ್ದ ಹಾಗೇ, ಓಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳಬೇಕು.

ರಾಜರ ಕಾರುಗಳ ಚಿಂತೆ ನಮಗೆ ಬೇಡ. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವರು. ಆ ನಿಜಾಮರ 1912ರ ಹಳದಿ ರೋಲ್ಸ್‌ರಾಯ್ಸ್ ಸಿಲ್ವರ್ ಗೋಸ್ಟ್ ಇವತ್ತಿಗೂ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ನೋಡದವರು ಒಮ್ಮೆ ಹೋಗಿ ಬನ್ನಿ. 1932ರಲ್ಲಿ ನಿಜಾಮ ಸರ್ಕಾರ 27 ಬಸ್ಸುಗಳೊಂದಿಗೆ ಬಸ್ ಸಂಚಾರ ಶುರು ಮಾಡಿತ್ತು. ಆ ಕಾಲದ ಒಂದು ಆಲ್ಬಿಯನ್ ಬಸ್ಸನ್ನೂ ಹೈದರಾಬಾದಿನಲ್ಲಿ ಜೋಪಾನ ಮಾಡಿದ್ದಾರೆ. ರಾಜನ ಕಾರನ್ನು ಅರಮನೆ ಕಾಯ್ದಿತು, ಬಸ್ಸನ್ನು ಇಲಾಖೆ ಕಾಯ್ದಿತು. ನಮ್ಮೂರಿನ ತೊಗರಿ ವ್ಯಾಪಾರಿಯ ಕಾರು, ರಾತ್ರಿ ಹೆರಿಗೆಗೆ ಅಂತ ಹಳ್ಳಿಗೆ ಓಡುತ್ತಿದ್ದ ಡಾಕ್ಟರ್ ಕಾರು, ವಕೀಲರ ಕಾರು? ಅವನ್ನು ಕಾಯುವವರು ಯಾರು? ಮನೆಯವರೇ ಕಾಯಬೇಕು. ಮನೆಯವರಿಗೆ ಅದರ ಬೆಲೆ ಗೊತ್ತಿಲ್ಲದಿದ್ದರೆ ಮುಗೀತು.

ಹಾಗಾಗಿ ಅಂಬಾಸಡರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಎಲ್ಲ ಅಂಬಾಸಡರೂ ಒಂದೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್ 1957ರಿಂದ 2014ರವರೆಗೆ ಪಶ್ಚಿಮ ಬಂಗಾಳದಲ್ಲಿ ಇದನ್ನು ತಯಾರಿಸಿತು. ಅಷ್ಟು ವರ್ಷದಲ್ಲಿ ಮೈಕಟ್ಟು ಹೆಚ್ಚೇನೂ ಬದಲಾಗಲಿಲ್ಲ. ಮುಖ ಮಾತ್ರ ಬದಲಾಯಿತು. ಮುಂದಿನ ಜಾಲರಿ ನೋಡಿ. ಸಣ್ಣ ಸಣ್ಣ ಚೌಕಗಳ ಅಗಲ ಜಾಲರಿ ಇದ್ದರೆ ಅದು 1960ರ ದಶಕದ ಮಾರ್ಕ್ 2. ಅಡ್ಡ ಪಟ್ಟಿಗಳಿದ್ದು, ದುಂಡನೆಯ ಇಂಡಿಕೇಟರ್ ಜಾಲರಿಯಿಂದ ಹೊರಗಿದ್ದರೆ 1975ರಲ್ಲಿ ಬಂದ ಮಾರ್ಕ್ 3. ಜಾಲರಿ ಚಿಕ್ಕದಾಗಿ, ಚೌಕ ದೊಡ್ಡದಾಗಿ, ಪಕ್ಕದಲ್ಲಿ ಚೌಕಾಕಾರದ ದೀಪ ಬಂದರೆ ಮಾರ್ಕ್ 4. ನಮ್ಮ ಕಡೆ ಕಣ್ಣಿಗೆ ಬೀಳುವುದು ಬಹುಪಾಲು ಇದೇ, ಇಲ್ಲವೇ ಇದರ ನಂತರದ ನೋವಾ. ಬಾನೆಟ್ಟಿನ ಮೇಲೆ ತಗ್ಗು ಇರುವ ಮಾರ್ಕ್ 1 ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಹೇಳಿ. ಎಷ್ಟು ದೂರ ಇದ್ದರೂ ಬಂದು ನೋಡುತ್ತೇನೆ.

ನಮ್ಮ ಜಿಲ್ಲೆಯಿಂದ ವೀರೇಂದ್ರ ಪಾಟೀಲರು, ಧರಂ ಸಿಂಗ್ ಅವರು ಮುಖ್ಯಮಂತ್ರಿಗಳಾದರು. ಅಧಿಕಾರ ಅಂದರೆ ಕೆಂಪು ದೀಪದ ಬಿಳಿ ಅಂಬಾಸಡರ್ ಅಂತಿದ್ದ ಕಾಲ ಅದು. 2017ರ ಮೇ 1ರಿಂದ ಮಂತ್ರಿಗಳ ಕಾರಿನ ಕೆಂಪು ದೀಪ ಹೋಯಿತು. ಕಾರು ಅದಕ್ಕೂ ಮುಂಚೆಯೇ ನಿಂತುಹೋಗಿತ್ತು. ಇವತ್ತು ಹುಟ್ಟಿದ ಮಗುವಿಗೆ ಆ ಕಾಲ ಹೇಗಿತ್ತು ಅಂತ ತೋರಿಸಲು ಒಂದು ಮೂಲ ಬಿಳಿ ಅಂಬಾಸಡರ್ ಸಾಕು. ಪುಸ್ತಕ ತೋರಿಸಿದರೆ ಆ ಹಿಂದಿನ ಸೀಟಿನ ವಿಸ್ತಾರ ಗೊತ್ತಾಗುವುದಿಲ್ಲ.

ಫಿಯಟ್ ಕಥೆ ಬೇರೆ. ಮುಂಬೈನ ಪ್ರೀಮಿಯರ್ ಕಂಪನಿ ಮಾಡುತ್ತಿದ್ದ 1100 ಕಾರಿಗೆ 1970ರ ದಶಕದಲ್ಲಿ ಪದ್ಮಿನಿ ಅಂತ ಹೆಸರು ಬಂತು. ಎಂಜಿನ್ 1089 ಸಿಸಿ. ಗೇರು ಸ್ಟೇರಿಂಗ್ ಪಕ್ಕದಲ್ಲಿ. ಹಾಗಾಗಿ ಮುಂದೆ ಉದ್ದ ಸೀಟಿನಲ್ಲಿ ಮೂರು ಜನ ಆರಾಮಾಗಿ ಕೂರುತ್ತಿದ್ದರು. ಅದಕ್ಕೂ ಹಿಂದಿನ 1950ರ ದಶಕದ ಫಿಯಟ್ ಇದ್ದರೆ ಮುಂದಿನ ಬಾಗಿಲು ನೋಡಿ. ಕೀಲು ಹಿಂಭಾಗದಲ್ಲಿರುತ್ತದೆ, ಬಾಗಿಲು ಎದುರು ದಿಕ್ಕಿಗೆ ತೆರೆಯುತ್ತದೆ. ಈ ಕಾರನ್ನೇ 'ಡುಕ್ಕರ್ ಫಿಯಟ್' ಅಂತ ಕರೆಯುತ್ತಾರೆ. ಅಂಥದ್ದು ಸಿಕ್ಕರೆ ಕೈಮುಗಿದು ಬಿಡಿ. ಮುಂಬೈ ಟ್ಯಾಕ್ಸಿಗಳಲ್ಲೂ 2023ರ ಅಕ್ಟೋಬರ್‌ಗೆ ಪದ್ಮಿನಿ ಕಾಲ ಮುಗಿಯಿತು.

ಕಾಂಟೆಸ್ಸಾ ನೋಡಿದವರು ಈಗ ಕಡಿಮೆ. ಇದೂ ಹಿಂದೂಸ್ತಾನ್ ಮೋಟಾರ್ಸ್ ಕಾರೇ, 1984ರಲ್ಲಿ ಬಂತು. ಮೈಕಟ್ಟು ಇಂಗ್ಲೆಂಡಿನ ವಾಕ್ಸಾಲ್ ವಿಕ್ಟರ್ ಕಾರಿನದು, ಮೊದಮೊದಲು ಎಂಜಿನ್ ಮಾತ್ರ ಅಂಬಾಸಡರ್‌ದೇ. ಆಮೇಲೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಬಂದ ಮೇಲೆ ಅದಕ್ಕೆ ಜೀವ ಬಂತು. ಆ ಇಸುಜು ಕಾಂಟೆಸ್ಸಾ ಸೇಡಂ ರಸ್ತೆಯಲ್ಲಿ ಹಾದುಹೋದರೆ ನಾನು ಈಗಲೂ ಗಾಡಿ ತಿರುಗಿಸಿ ಹಿಂದೆ ಹೋಗುತ್ತೇನೆ.

ಜೀಪು ನಮ್ಮ ಭಾಗದ ನಿಜವಾದ ಸಂಪತ್ತು. ಶಹಾಬಾದ್, ಚಿತ್ತಾಪುರ ಕಡೆ ಕಲ್ಲಿನ ಖಣಿಗಳಲ್ಲಿ, ಹೊಲದ ದಾರಿಗಳಲ್ಲಿ, ಸಂತೆಗೆ ಜನ ತುಂಬಿಕೊಂಡು ಹೋಗುವಾಗ ಜೀಪೇ ಗತಿ. ಮಹೀಂದ್ರ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿತು. ಬಾನೆಟ್ಟು ಎತ್ತರ ಇದ್ದರೆ ಸಿಜೆ 3ಬಿ. ಅದರೊಳಗಿನ ಹರಿಕೇನ್ ಎಂಜಿನ್ ಹಳೆಯದಕ್ಕಿಂತ ಎತ್ತರ ಇತ್ತು, ಅದು ಹಿಡಿಸಲಿ ಅಂತ ಬಾನೆಟ್ಟು ಏರಿಸಿದರು. ಎರಡನೇ ಮಹಾಯುದ್ಧದ ಕಾಲದ ಜೀಪಿನ ಗುರುತು ಬೇರೆ. ಮುಂದಿನ ತಗಡಿನಲ್ಲಿ 9 ಸೀಳು, ನಂತರ ಬಂದವಕ್ಕೆ 7. ಯುದ್ಧಕಾಲದ್ದರ ಹೆಡ್‌ಲೈಟ್ ಕೀಲಿನ ಮೇಲೆ ಕೂತಿರುತ್ತದೆ. ಕತ್ತಲಲ್ಲಿ ಎಂಜಿನ್ ರಿಪೇರಿ ಮಾಡುವಾಗ ಅದನ್ನು ಹಿಂದಕ್ಕೆ ತಿರುಗಿಸಿ ಎಂಜಿನ್ ಮೇಲೆ ಬೆಳಕು ಬಿಡಬಹುದು. ಫೋರ್ಡ್ ಕಂಪನಿ ಮಾಡಿದ ಯುದ್ಧದ ಜೀಪಾಗಿದ್ದರೆ ಬೋಲ್ಟಿನ ತಲೆಯ ಮೇಲೂ 'ಎಫ್' ಅಕ್ಷರ ಇರುತ್ತದೆ. ಹಳೆ ಜೀಪು ಸಿಕ್ಕರೆ ನಾನು ಮೊದಲು ಬೋಲ್ಟೇ ಒರೆಸಿ ನೋಡುವುದು.

ಈ ಜೀಪುಗಳಲ್ಲಿ ಮೂಲ ಪೆಟ್ರೋಲ್ ಎಂಜಿನ್ ಉಳಿದಿರುವುದು ಅಪರೂಪ. ನಮ್ಮ ಗ್ಯಾರೇಜಿನ ಹಿರಿಯ ಮಿಸ್ತ್ರಿಯನ್ನು ಕೇಳಿದೆ. ಯಾಕ್ ಚಾಚಾ, ಎಲ್ಲಾ ಡೀಸೆಲ್ ಆಗ್ಯಾವಲ್ಲ?

“ಪೆಟ್ರೋಲ್ ಕುಡಿಸವರು ಯಾರದಾರ ಬೇಟಾ? ಎಲ್ಲಾರೂ ಡೀಸೆಲ್ ಹಾಕು ಅಂದ್ರು, ಹಾಕಿ ಕೊಟ್ಟೀವಿ. ಇಲ್ಲಂದ್ರ ಆವಾಗೇ ಗುಜರಿಗೆ ಹೋಗ್ತಿದ್ವು.”

ಚಾಚಾ ಹೇಳಿದ್ದು ಸರಿ. ಮಾಡಿಫೈ ಮಾಡುವುದೆಲ್ಲ ತಪ್ಪು ಅಂತ ನಾನು ಒಪ್ಪುವುದಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಹಳೆ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವುದು, ಒಳ್ಳೆಯ ಬ್ರೇಕ್ ಕೂರಿಸುವುದು, ಗಾಡಿ ರಸ್ತೆ ಮೇಲೆ ಉಳಿಯಲಿ ಅಂತ ಮಾಡುವ ಕೆಲಸ. ತೆಗೆದ ಮೂಲ ಸಾಮಾನು ಒಂದು ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟರೆ ಇನ್ನೂ ಚೆನ್ನ. ಆದರೆ ದೊಡ್ಡ ಬದಲಾವಣೆಗೆ ಕಾನೂನಿನ ಮಿತಿ ಇದೆ ಅನ್ನುವುದು ನೆನಪಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದನ್ನೇ ಹೇಳುತ್ತದೆ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ತಿದ್ದುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ರಿಂಗ್ ರೋಡಿನಲ್ಲಿ ರಾತ್ರಿ ಸೈಲೆನ್ಸರ್ ಸೀಳಿಸಿಕೊಂಡು, ಕಣ್ಣು ಕುಕ್ಕುವ ಬಿಳಿ ಲೈಟ್ ಹಾಕಿಕೊಂಡು ಓಡುವ ಹೊಸ ಗಾಡಿಗಳ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಅದರಲ್ಲಿ ನೋಡುವಂಥದ್ದೂ ಏನಿಲ್ಲ.

ನನಗೆ ಹೊಟ್ಟೆ ಉರಿಯುವುದು ಮದುವೆ ಕಾರುಗಳನ್ನು ಕಂಡಾಗ. ನೀವೂ ನೋಡಿರುತ್ತೀರಿ. ಉದ್ದನೆಯ ಮೂತಿ, ಬಂಗಾರದ ಬಣ್ಣದ ದೀಪ, ಪಕ್ಕದಲ್ಲಿ ಸ್ಟೆಪ್ನಿ, ಮೇಲೆ ಛಾವಣಿ ಇಲ್ಲ. ಬ್ಯಾಂಡಿನವರ ಹಿಂದೆ ವರ ಅದರಲ್ಲಿ ಬರುತ್ತಾನೆ. ಎಲ್ಲರೂ 'ವಿಂಟೇಜ್ ಕಾರು' ಅಂತ ಸೆಲ್ಫಿ ತೆಗೆಯುತ್ತಾರೆ. ಅದರ ಕೆಳಗೆ ಬಗ್ಗಿ ನೋಡಿ. ಎಷ್ಟೋ ಸಲ ಅಲ್ಲಿರುವುದು ಒಂದು ಅಂಬಾಸಡರೋ ಜೀಪೋ ಮಾರುತಿ ಜಿಪ್ಸಿಯೋ. ಅದರ ಮೈಯನ್ನು ಗ್ಯಾಸ್ ಕಟರ್‌ನಲ್ಲಿ ಕೊಯ್ದು, ತಗಡು ಬಡಿದು, ಹಳೆಯ ಕಾಲದ ಕಾರಿನ ವೇಷ ಹಾಕಿರುತ್ತಾರೆ. ನಿಜವಾದ ಹಳೆ ಕಾರನ್ನು ಕೊಂದು ಸುಳ್ಳು ಹಳೆ ಕಾರು ಮಾಡುವುದು ಎಂಥ ಅನ್ಯಾಯ! ಬಾಡಿಗೆಗೆ ಓಡಿಸುವವರ ಹೊಟ್ಟೆಪಾಡು ನನಗೆ ಅರ್ಥವಾಗುತ್ತದೆ. ಅವರಿಗೂ ಒಂದು ಮಾತು. ಅದೇ ಅಂಬಾಸಡರನ್ನು ಕೊಯ್ಯದೆ, ಚೆನ್ನಾಗಿ ಪೇಂಟ್ ಮಾಡಿಸಿ, ಬಂಪರ್‌ಗೆ ಕ್ರೋಮ್ ಹೊಡೆಸಿ, ಮಲ್ಲಿಗೆ ಮಾಲೆ ಹಾಕಿ ನಿಲ್ಲಿಸಿ. ಮದುಮಗಳ ಅಜ್ಜ ಅಜ್ಜಿ ಆ ಕಾರಿನ ಹತ್ತಿರ ಬಂದು ನಿಂತು ಮಾತಾಡುತ್ತಾರೆ. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನು ಸರ್ಕಾರದ ಲೆಕ್ಕ ನೋಡಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು, ಒಳ್ಳೆಯದೇ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ನೋಂದಣಿ 10 ವರ್ಷ ನಡೆಯುತ್ತದೆ. ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಅಕ್ಷರ ಬರುತ್ತದೆ. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಓಡಿಸಬಹುದು. ದಿನಾ ಓಡಿಸುವಂತಿಲ್ಲ, ವ್ಯಾಪಾರಕ್ಕೂ ಬಳಸುವಂತಿಲ್ಲ.

ಸರಿ. ಆದರೆ 50 ಮುಟ್ಟುವವರೆಗೆ ಆ ಕಾರು ಬದುಕಬೇಕಲ್ವಾ? 15 ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 10,000 ರೂಪಾಯಿಗೆ ಏರಿಸಿದರು. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ. ಮೊದಲ ಮಾರುತಿ 800 ರಸ್ತೆಗೆ ಬಂದದ್ದು 1983ರ ಡಿಸೆಂಬರ್‌ನಲ್ಲಿ. ಅದು ವಿಂಟೇಜ್ ಆಗುವುದು 2033ಕ್ಕೆ. ಅಲ್ಲಿಯವರೆಗೆ ಒಬ್ಬ ನಿವೃತ್ತ ಮೇಷ್ಟ್ರು ಆ ಕಾರಿನ ಮೇಲೆ ಎಷ್ಟು ದುಡ್ಡು ಸುರಿಯಬೇಕು? 20ರಿಂದ 50ರ ನಡುವಿನ ಆ 30 ವರ್ಷಗಳಲ್ಲೇ ನಮ್ಮ ಕಾರುಗಳು ಗುಜರಿಗೆ ಹೋಗುತ್ತಿರುವುದು. ಹೊಗೆ ಉಗುಳುವ ಗಾಡಿಯನ್ನು ಉಳಿಸಿ ಅಂತ ನಾನು ಕೇಳುತ್ತಿಲ್ಲ. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಅಂತ ಮಿತಿ ಹಾಕಲಿ, ಹೊಗೆ ತಪಾಸಣೆ ಕಟ್ಟುನಿಟ್ಟು ಮಾಡಲಿ. ಮೂಲ ರೂಪದಲ್ಲಿರುವ 30 ವರ್ಷದ ಖಾಸಗಿ ಕಾರಿಗೆ ಶುಲ್ಕ ಇಳಿಸಲಿ. ಇಷ್ಟು ಮಾಡಿದರೆ ಬಹಳ ಕಾರು ಉಳಿಯುತ್ತವೆ.

ನಮ್ಮ ಹವೆ ಈ ವಿಷಯದಲ್ಲಿ ನಮ್ಮ ಪಾಲಿಗಿದೆ. ಮಂಗಳೂರಿನ ಉಪ್ಪುಗಾಳಿ ಇಲ್ಲಿಲ್ಲ. ಒಣ ಸೀಮೆ, ತಗಡು ಬೇಗ ತುಕ್ಕು ಹಿಡಿಯುವುದಿಲ್ಲ. ಹತ್ತಾರು ವರ್ಷ ನಿಂತ ಕಾರಿನ ಫ್ಲೋರ್ ಶೀಟ್ ಇನ್ನೂ ಗಟ್ಟಿ ಇರುವುದನ್ನು ನೋಡಿದ್ದೇನೆ. ಬಿಸಿಲು ಮಾತ್ರ ಬಿಡುವುದಿಲ್ಲ. ಮೇ ತಿಂಗಳ 43–44 ಡಿಗ್ರಿಯಲ್ಲಿ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಸೀಳುತ್ತದೆ, ಡ್ಯಾಶ್‌ಬೋರ್ಡ್ ಬಿರುಕು ಬಿಡುತ್ತದೆ, ಬಣ್ಣ ಸುಣ್ಣದ ಹಾಗೆ ಉದುರುತ್ತದೆ. ನೆರಳು ಮಾಡಿ ನಿಲ್ಲಿಸಿ. ಪ್ಲಾಸ್ಟಿಕ್ ಹಾಳೆ ಬೇಡ, ಒಳಗೆ ಬೆವರು ಕಟ್ಟುತ್ತದೆ. ಬಟ್ಟೆಯ ಕವರ್ ಸಾಕು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಓಣಿಯಲ್ಲಿ ಒಂದು ಸುತ್ತು ಹಾಕಿ. ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್. ಹಳೆ ರಬ್ಬರ್ ಪೈಪು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಒಳಗಿನ ವಾಷರ್‌ಗಳಿಗೆ ಅದು ಆಗಿಬರುವುದಿಲ್ಲ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತರೆ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಎಥೆನಾಲ್ ತಡೆಯುವ ಪೈಪು ಹಾಕಿಸಿಕೊಳ್ಳಿ, ಖರ್ಚು ಜಾಸ್ತಿ ಇಲ್ಲ.

ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯವರ ಹಳೆ ಕಾರುಗಳ ರ್‍ಯಾಲಿ 1964ರಲ್ಲೇ ಶುರುವಾಯಿತು. ನಮ್ಮ ರಾಜ್ಯದಲ್ಲೇ ಧರ್ಮಸ್ಥಳದಲ್ಲಿ, ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಮ್ಯೂಸಿಯಂನಲ್ಲಿ ಹೆಗ್ಗಡೆಯವರು ಸಂಗ್ರಹಿಸಿದ ಕಾರುಗಳಿವೆ. ಅವನ್ನು ನೋಡಿ ಖುಷಿಪಟ್ಟಿದ್ದೇನೆ. ಆದರೆ ಹಗ್ಗದ ಆಚೆ ಮಿರಮಿರ ಮಿಂಚುವ ಕಾರಿಗಿಂತ, ಮಾಲೀಕ ಬಾನೆಟ್ಟು ಎತ್ತಿ “ಬರ್ರಿ, ನೋಡ್ರಿ” ಅನ್ನುವ ಕಾರು ನನಗೆ ಹತ್ತಿರ. ಕಲಬುರಗಿ, ಬೀದರ್, ಯಾದಗಿರಿ ಸೇರಿ ಒಂದು ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ಕಲಬುರಗಿಯ ಎನ್.ವಿ. ಮೈದಾನದಲ್ಲಿ ಸೇರೋಣ ಅನ್ನುವುದು ನನ್ನ ಆಸೆ. ಕೆಎ 32, ಕೆಎ 33, ಕೆಎ 38 ಪ್ಲೇಟಿನ ಹಳೆ ಗಾಡಿಗಳು ಬರಲಿ. ಅವಕ್ಕೂ ಮುಂಚಿನ, 'ಎಂವೈ' ಅಂತ ಶುರುವಾಗುವ ಮೈಸೂರು ರಾಜ್ಯದ ನಂಬರಿನವು ಬಂದರೆ ಮುಂದಿನ ಸಾಲು ಅವಕ್ಕೇ. ಬಹುಮಾನ, ವೇದಿಕೆ, ಭಾಷಣ ಬೇಡ. ಇವುಗಳನ್ನು ಇಷ್ಟು ವರ್ಷ ಓಡಿಸಿದ ಮಿಸ್ತ್ರಿಗಳು ಬರಬೇಕು. ಎಂಜಿನ್ನಿಗೆ ಕಿಡಿ ಕೊಡುವ ಪಾಯಿಂಟ್ ಸೆಟ್ ಮಾಡುವುದು, ಕಾರ್ಬೊರೇಟರ್ ಟ್ಯೂನ್ ಮಾಡುವುದು ಗೊತ್ತಿರುವ ಕೈಗಳು ಊರಲ್ಲಿ ಕಡಿಮೆಯಾಗುತ್ತಿವೆ. ನಮ್ಮ ಹುಡುಗರು ಅವರ ಪಕ್ಕ ನಿಂತು ಕಲಿಯಲಿ.

ಅದಕ್ಕೆ ಮೊದಲು ಒಂದು ಕೆಲಸ ಮಾಡೋಣ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಊರ ಗೌಡರ ವಾಡೆಯಲ್ಲಿ ಹಳೆ ಕಾರೋ ಜೀಪೋ ಇದ್ದರೆ ಮಾಲೀಕರನ್ನು ಕೇಳಿ ಒಂದು ಫೋಟೋ ತೆಗೆಯಿರಿ. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಎಂಜಿನ್‌ದು ಒಂದು. ನಂಬರಿನ ಕೊನೆಯ ಅಂಕಿಗಳನ್ನು ಮುಚ್ಚಿ ಇಲ್ಲಿ ಹಾಕಿ. ಯಾವ ವರ್ಷದ್ದು, ಯಾರು ಕೊಂಡದ್ದು, ಈಗ ಓಡುತ್ತದೋ ಇಲ್ಲವೋ ಬರೆಯಿರಿ. ಮಾರಬೇಕು ಅಂತಿದ್ದರೆ ಗುಜರಿಯವರಿಗೆ ಫೋನ್ ಮಾಡುವ ಮುಂಚೆ ನನಗೊಂದು ಮೆಸೇಜ್ ಹಾಕಿ. ಇದ್ದ ಹಾಗೇ ಇಟ್ಟುಕೊಳ್ಳುವವರನ್ನು ಹುಡುಕಿ ಕೊಡುವುದು ನನ್ನ ಜವಾಬ್ದಾರಿ.