ನಂದೇನೂ ಆಗಿಲ್ಲ ಕಣೇ

ಒಂದು ಸಾಲು ಜಾಸ್ತಿ ಉಳೀತು, ಅಷ್ಟೇ ಆಗಿದ್ದು.

ಹೋದ ಭಾನುವಾರದ ಮಾಕ್ ಟೆಸ್ಟು, ಡಾಕ್ಟ್ರು ಓದೋಕೆ ಬರೆಯೋ ನೀಟ್ ಪರೀಕ್ಷೆಗೆ. ಬಯಾಲಜಿ, ಕೆಮಿಸ್ಟ್ರಿ ಎಲ್ಲ ಮುಗಿಸಿ ಕೊನೇಗೆ ಫಿಸಿಕ್ಸ್ ಹಿಡಿದು, 45ನೇ ಪ್ರಶ್ನೆಗೆ ಶೇಡ್ ಮಾಡಿ ಉಸ್ಸಪ್ಪಾ ಅಂತ ತಲೆ ಎತ್ತಿದ್ರೆ, ಉತ್ತರಕ್ಕೆ ಸೊನ್ನೆ ತುಂಬೋ ಓಎಂಆರ್ ಶೀಟಲ್ಲಿ 45ನೇ ಸಾಲು ಬೆಳ್ಳಗೆ ನನ್ನನ್ನೇ ನೋಡ್ತಾ ಕೂತಿದೆ. ನಾಲ್ಕೂ ಸೊನ್ನೆ ಖಾಲಿ. ಮೊದಲು ಪ್ರಿಂಟಿಂಗ್ ಮಿಸ್ಟೇಕ್ ಇರ್ಬೇಕು ಅನ್ಕೊಂಡೆ, ನಾನು ತಪ್ಪು ಮಾಡಿರ್ತೀನಿ ಅನ್ನೋದು ಯಾವಾಗ್ಲೂ ಕೊನೇಗೇ ಹೊಳಿಯೋದು. ಪಕ್ಕದ ಹುಡುಗನ ಶೀಟ್ ಕಡೆ ಒಂಚೂರು ಕಣ್ಣು ಹಾಯಿಸಿದೆ, ಇನ್ವಿಜಿಲೇಟರ್ ಕೆಮ್ಮಿದ್ರು. ಆಮೇಲೆ ಬೆರಳಿಟ್ಕೊಂಡು ಕೆಳಗಿಂದ ಮೇಲಕ್ಕೆ ಎಣಿಸ್ತಾ ಹೋದೆ. 45ರ ಉತ್ತರ 44ರಲ್ಲಿದೆ, 44ರದ್ದು 43ರಲ್ಲಿದೆ, ಹಂಗೇ ಹೋಗಿ ಹೋಗಿ 12ಕ್ಕೆ ಬಂದು ನಿಂತ್ಕೊಂಡೆ. ಆ ಹನ್ನೆರಡನ್ನ ನಾನು 'ಆಮೇಲೆ ಮಾಡೋಣ' ಅಂತ ಬಿಟ್ಟಿದ್ದೆ. ಪ್ರಶ್ನೆ ಬಿಟ್ಟೆ, ಸಾಲು ಬಿಡಲಿಲ್ಲ. ಆತುರದಲ್ಲಿ ಶರ್ಟಿನ ಮೇಲಿನ ಗುಂಡಿ ತಪ್ಪಿ ಹಾಕ್ಕೊಂಡು ಹೋದ್ರೆ ಕೊನೇಲಿ ಒಂದು ಕಾಜ ಉಳಿಯುತ್ತಲ್ಲ, ಅದೇ ಕಥೆ. ಶರ್ಟಾದ್ರೆ ಬಿಚ್ಚಿ ಹಾಕ್ಕೋಬೋದು, ಕಪ್ಪು ಬಾಲ್‌ಪೆನ್ನಲ್ಲಿ ತುಂಬಿದ ಸೊನ್ನೇನ ಏನು ಮಾಡ್ಲಿ? ಇನ್ನು ನಾಲ್ಕು ನಿಮಿಷ ಇತ್ತು. ಆ ನಾಲ್ಕು ನಿಮಿಷದಲ್ಲಿ ನಾನು ಮಾಡಿದ ಒಂದೇ ಕೆಲಸ ಅಂದ್ರೆ ಖಾಲಿ ಇದ್ದ 45ನೇ ಸಾಲನ್ನ ಅಂದವಾಗಿ, ನೀಟಾಗಿ, ಒಂಚೂರೂ ಆಚೆ ಹೋಗದ ಹಾಗೆ ತುಂಬಿದ್ದು. ಅದೊಂದಾದ್ರೂ ಅದರ ಜಾಗದಲ್ಲಿರ್ಲಿ ಅಂತ. ಅದೂ ತಪ್ಪು ಉತ್ತರ, ಆ ಮಾತು ಬೇರೆ.

ಆ ಹನ್ನೆರಡನೇ ಪ್ರಶ್ನೆ ಒಂದು ರಾಟೆದು. ಎರಡು ತೂಕ, ಒಂದು ಹಗ್ಗ, ಹಗ್ಗದ ಟೆನ್ಷನ್ ಎಷ್ಟು. ತಿಪಟೂರಲ್ಲಿ ನಮ್ಮನೆ ಹಿತ್ತಲ ಬಾವೀಲೂ ರಾಟೆ ಇದೆ, ನೀರು ಸೇದಿ ಸೇದಿ ನನ್ನ ಅಂಗೈಲಿ ಗೆರೆ ಬಿದ್ದಿವೆ, ಒಂದು ದಿನವಾದ್ರೂ ಆ ಹಗ್ಗ ನನ್ನ ಟೆನ್ಷನ್ ಎಷ್ಟು ಹೇಳು ಅಂತ ಕೇಳಿಲ್ಲ.

ರಿಸಲ್ಟ್ ಬಂದ್ಮೇಲೆ ಲೆಕ್ಕ ಹಾಕ್ದೆ. ಸರಿಗೆ ನಾಲ್ಕು, ತಪ್ಪಿಗೆ ಮೈನಸ್ ಒಂದು. ಜಾರಿಹೋದ 33 ಉತ್ತರದಲ್ಲಿ 7 ಹೆಂಗೋ ಅದೃಷ್ಟಕ್ಕೆ ಸರಿಯಾಗಿವೆ, 26 ತಪ್ಪು, ಅಂದ್ರೆ 28ರಲ್ಲಿ 26 ಕಳೆದು ಎರಡು ಮಾರ್ಕ್ಸು. ಕೋತೀನ ಕೂರಿಸಿ ಕೈಗೆ ಪೆನ್ ಕೊಟ್ಟಿದ್ರೂ ಪ್ರಾಬಬಿಲಿಟಿ ಪ್ರಕಾರ ಸುಮಾರು ಎಂಟು ಬರ್ಬೇಕಿತ್ತು. ಒಂದು ವರ್ಷ ಜಾಸ್ತಿ ಓದಿ ನಾನು ಕೋತಿಗಿಂತ ಆರು ಮಾರ್ಕ್ಸ್ ಹಿಂದಿದೀನಿ. ಸಾಲು ಸರಿಯಾಗಿದ್ದಿದ್ರೆ ಫಿಸಿಕ್ಸಲ್ಲಿ 100 ಆಗ್ತಿತ್ತು, ಬಂದಿದ್ದು 30.

ಇಷ್ಟಾದ್ರೂ ಸಹಿಸ್ಕೊಂಡಿದ್ದೆ. ಸಹಿಸೋಕಾಗದೇ ಇದ್ದಿದ್ದು ರೂಮ್‌ಮೇಟು.

ಅವಳಿಗೆ ನಾವಿಟ್ಟಿರೋ ಹೆಸರು 'ಏನೂ ಆಗಿಲ್ಲ'. ಮಂಗಳೂರಿನ ಈ ಪೀಜಿಗೆ ಬಂದ ಮೊದಲನೇ ರಾತ್ರಿನೇ, ನಾನಿನ್ನೂ ಹಾಸಿಗೆ ಬಿಚ್ತಾ ಇದ್ದೆ, 'ನಂದು ಏನೂ ಆಗಿಲ್ಲ ಕಣೇ, ಭಯ ಆಗ್ತಿದೆ' ಅಂದ್ಲು. ಅಯ್ಯೋ ಪಾಪ, ನನ್ನಂಗೇ ಒಂದು ಜೀವ ಸಿಕ್ತಲ್ಲ ಅಂತ ಮನೆಯಿಂದ ತಂದಿದ್ದ ಕೊಬ್ಬರಿ ಮಿಠಾಯೀಲಿ ಅರ್ಧ ಡಬ್ಬಿ ಅವಳಿಗೆ ಕೊಟ್ಟೆ. ಮೊದಲನೇ ಟೆಸ್ಟಲ್ಲಿ ಅವಳಿಗೆ 720ಕ್ಕೆ 611. ಇದು ನನ್ನ ಜೀವನದಲ್ಲಿ ನಾನು ತುಂಬಾ ಬೇಜಾರು ಮಾಡ್ಕೊಂಡಿರೋ ಮಿಠಾಯಿ. ಊಟದ ಸಾಲಲ್ಲಿ ಕುಚ್ಚಲಕ್ಕಿ ಗಂಜಿಗೆ ತಟ್ಟೆ ಹಿಡ್ಕೊಂಡು ಏನೂ ಆಗಿಲ್ಲ ಅಂತಾಳೆ, ಬಟ್ಟೆ ಹಿಂಡ್ತಾ ಏನೂ ಆಗಿಲ್ಲ ಅಂತಾಳೆ, ಆರ್ಗ್ಯಾನಿಕ್ ಕೆಮಿಸ್ಟ್ರಿ ಮೂರನೇ ಸಲ ರಿವಿಷನ್ ಮಾಡ್ತಾ ಪುಟ ತಿರುವೋದನ್ನೂ ನಿಲ್ಲಿಸದೇ ಏನೂ ಆಗಿಲ್ಲ ಅಂತಾಳೆ. ರಾತ್ರಿ ಹನ್ನೊಂದಕ್ಕೆ ದೊಡ್ಡದಾಗಿ ಆಕಳಿಸಿ 'ನಾನಂತೂ ಮಲಗ್ತೀನಪ್ಪಾ' ಅಂತ ಮುಸುಕು ಹಾಕ್ಕೋತಾಳೆ, ಅವಳು ಮಲಗಿದ್ಲಲ್ಲ ಅಂತ ನಾನೂ ನೆಮ್ಮದಿಯಾಗಿ ಮಲಗ್ತೀನಿ, ಎರಡು ಗಂಟೆಗೆ ನೀರಿಗೆ ಎದ್ರೆ ಆ ಮುಸುಕಿನೊಳಗೆ ಟಾರ್ಚು ಉರೀತಿರುತ್ತೆ, ಥೇಟ್ ಗಣಪತಿ ಪೆಂಡಾಲ್. ಭಾನುವಾರ ಸಂಜೆ ನಾನು 30 ಮಾರ್ಕ್ಸ್ ಹಿಡ್ಕೊಂಡು ಗೋಡೆ ಕಡೆ ತಿರುಗಿ ಮಲಗಿದ್ರೆ ಬಂದು ಬೆನ್ನು ಸವರಿ, 'ಬಿಡೇ, ನಂದೂ ಹಾಳಾಯ್ತು' ಅಂದ್ಲು. ಅವಳದ್ದು 652.

ನಿಜ ಹೇಳ್ಬೇಕಂದ್ರೆ ನನಗೆ ಅವಳ ಮೇಲಲ್ಲ ಸಿಟ್ಟು. ಹತ್ತನೇ ಕ್ಲಾಸ್‌ವರೆಗೂ ನಾನು ಕನ್ನಡ ಮೀಡಿಯಂ, ಇಡೀ ಸ್ಕೂಲಿಗೆ ಫಸ್ಟು. ಹೃತ್ಕರ್ಣ, ಹೃತ್ಕುಕ್ಷಿ ಅಂತ ಬಣ್ಣದ ಪೆನ್ಸಿಲ್ಲಲ್ಲಿ ನಾನು ಬರೆದ ಹೃದಯದ ಚಿತ್ರಾನ ಮೇಡಮ್ಮು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ್ರು. ಪಿಯುಸಿಗೆ ಬಂದ್ರೆ ಅದೇ ಹೃದಯ, ಬೇರೆ ಹೆಸರು. ಸರ್ರು ಕಾನ್ವೆಕ್ಸ್ ಅಂದ್ರೆ ನಾನು ಮನಸ್ಸಲ್ಲೇ ಪೀನ ಮಸೂರ ಅಂತ ತರ್ಜುಮೆ ಮಾಡ್ಕೊಂಡು ವಾಪಸ್ ಬರೋಷ್ಟರಲ್ಲಿ ಅವರು ಉತ್ತರ ಬರೆದು ಬೋರ್ಡ್ ಒರೆಸಿ ಆಗಿರ್ತಿತ್ತು. ನೀಟ್ ಕನ್ನಡದಲ್ಲೂ ಬರೀಬೋದು, ಗೊತ್ತು, ಆದ್ರೆ ಎರಡು ವರ್ಷ ಇಂಗ್ಲಿಷಲ್ಲಿ ಉರು ಹೊಡೆದು ಈಗ ಸಂವೇಗ ಅಂತ ನೋಡಿದ್ರೆ ಅದೇ ಗುರುತು ಸಿಗಲ್ಲ, ಊರಲ್ಲಿ ಜೊತೆಗೆ ಓದಿದವರು ಎಷ್ಟೋ ವರ್ಷ ಆದ್ಮೇಲೆ ಬಸ್‌ಸ್ಟ್ಯಾಂಡಲ್ಲಿ ಎದುರು ಬಂದಂಗೆ. 2025ರಲ್ಲಿ 22 ಲಕ್ಷ ಜನ ಬರೆದ್ರು, 180 ನಿಮಿಷ, 180 ಪ್ರಶ್ನೆ, ಆ ಫಿಸಿಕ್ಸ್ ಪೇಪರ್ ನೋಡಿ ಹಾಲಲ್ಲಿ ಅತ್ತವರಲ್ಲಿ ನಾನೂ ಒಬ್ಳು. ಅದಕ್ಕೇ ಈ ಲಾಂಗ್ ಟರ್ಮು, ಅಂದ್ರೆ ಇನ್ನೊಂದು ವರ್ಷದ ಕೋಚಿಂಗು. 2024ರ ನೀಟ್ ಸಿಲಬಸ್ಸಲ್ಲಿ 'ಒಂದು ಕೀಟ (ಕಪ್ಪೆ)' ಅಂತ ಬರೆದಿದ್ರಲ್ಲ, ಅಂಥವರೇ ನಾನು ತಪ್ಪು ಸಾಲಲ್ಲಿ ಶೇಡ್ ಮಾಡಿದೆ ಅಂತ ಮಾರ್ಕ್ಸ್ ಕಳೀತಾರೆ ನೋಡಿ.

ದಸರಾ ರಜೆಗೆ ನಿನ್ನೆ ಊರಿಗೆ ಬಂದೆ. ಅಪ್ಪಂಗೆ ಮಾರ್ಕ್ಸಿನ ಮೆಸೇಜ್ ಆಗ್ಲೇ ಹೋಗಿತ್ತು. ಅಪ್ಪ ಅದರ ಬಗ್ಗೆ ಒಂದು ಮಾತೂ ಆಡ್ಲಿಲ್ಲ, ನಾನು ಕೇಳದೇನೇ ಎರಡು ಎಳನೀರು ಕೆಡವಿ ಕೊಚ್ಚಿ ಕೊಟ್ರು. ಬೈದಿದ್ರೆ ವಾಸಿ ಇತ್ತು.

ಪಕ್ಕದ್ಮನೆ ಆಂಟಿ ಮಾತ್ರ ನಾನು ಬ್ಯಾಗ್ ಇಳಿಸೋಕೂ ಬಿಡದೆ 'ಡಾಕ್ಟ್ರಮ್ಮ ಬಂದ್ರಾ' ಅಂತ ಬಂದು ಸೀರೆ ಎತ್ತಿ ಮಂಡಿ ತೋರಿಸಿದ್ರು.

'ಆಂಟಿ, ಊದ್ಕೊಂಡಿದೆ. ಡಾಕ್ಟ್ರಿಗೆ ತೋರ್ಸಿ.'

'ಅದಕ್ಕೇ ಅಲ್ವೇನೇ ನಿಂಗೆ ತೋರಿಸ್ತಿರೋದು!'

ರಾತ್ರಿ ಮುದ್ದೆ, ಅವರೇಕಾಳು ಸಾರು ಹೊಟ್ಟೆ ತುಂಬ ಉಂಡು ಬೇಗ ಮಲಗಿದೆ. ಬೆಳಗಿನ ಜಾವ 3.40ಕ್ಕೆ ಫೋನು ಕುಂಯ್ ಅಂತು. ರೂಮ್‌ಮೇಟು. 'ಎದ್ದಿದ್ದೀಯಾ? ಊರಿಗೆ ಬಂದು ಪುಸ್ತಕಾನೇ ಮುಟ್ಟಿಲ್ಲ ಕಣೇ, ನಂದೇನೂ ಆಗಿಲ್ಲ.'

ಮಡಿಲಲ್ಲಿದ್ದ ರೇ ಆಪ್ಟಿಕ್ಸ್‌ನ ಪುಟಕ್ಕೆ ಬೆರಳಿಟ್ಕೊಂಡು, ಅಮ್ಮ ಎದ್ದುಬಿಡ್ತಾಳೆ ಅಂತ ಟಾರ್ಚನ್ನ ಒಂಚೂರು ಕೆಳಗೆ ತಿರುಗಿಸಿ, ಮುಸುಕಿನೊಳಗಿಂದಲೇ ಟೈಪ್ ಮಾಡ್ದೆ: 'ನಂದೂ.'