ಊಲಾಂಗ್‌ಗೆ 80 ಡಿಗ್ರಿ ಸಾಲದು

ಊಲಾಂಗ್, ಅಂದ್ರೆ ಗ್ರೀನ್ ಟೀಗೂ ಬ್ಲ್ಯಾಕ್ ಟೀಗೂ ನಡುವಿನ ಟೀ, ಮಾಡೋದು ಹೇಗೆ ಅನ್ನೋ ನಿಮ್ಮ ಬರಹದಲ್ಲಿ "80 ಡಿಗ್ರಿ ನೀರಲ್ಲಿ ಐದು ನಿಮಿಷ ನೆನೆಸಿ, ಎಲೆ ಎಸೆಯಿರಿ" ಅಂದಿದ್ದೀರಿ. ಗ್ರೀನ್ ಟೀಗಾದರೆ ಆ ಬಿಸಿ ಸರಿ, ಥಾಯ್ಲೆಂಡಿನ ಡೊಯಿ ಮೇ ಸಲಾಂಗ್‌ನ ಊಲಾಂಗ್‌ಗೆ ಖಂಡಿತ ಅಲ್ಲ. ಚಿಯಾಂಗ್ ರಾಯ್ ಬೆಟ್ಟದ ಈ ಎಲೆಯನ್ನ ಬಿಗಿಯಾಗಿ ಉಂಡೆ ಕಟ್ಟಿರ್ತಾರೆ, ಕಾಳುಮೆಣಸಿಗಿಂತ ಒಂಚೂರು ದಪ್ಪ. ಬಿಸಿ ಸಾಲದಿದ್ರೆ ಹೊರಗಿನ ಸುತ್ತು ಮಾತ್ರ ಬಿಚ್ಚುತ್ತೆ, ಒಳಗಿನದು ಹಾಗೇ ಮುದುಡಿಕೊಂಡಿರುತ್ತೆ. ನೀರು ಕುದಿ ಬಂದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, 90-95 ಡಿಗ್ರಿ ಇರುವಾಗಲೇ ಸುರೀರಿ. 150 ಎಂ.ಎಲ್. ನೀರಿಗೆ 5 ಗ್ರಾಂ ಸಾಕು. ತಳವಷ್ಟೇ ಮುಚ್ಚಿದ ಹಾಗೆ ಕಾಣುತ್ತೆ, ಕಮ್ಮಿಯಾಯ್ತು ಅಂತ ಇನ್ನೊಂದು ಚಮಚ ಹಾಕೋಕೆ ಹೋಗಬೇಡಿ. ಮುಕ್ಕಾಲು ನಿಮಿಷಕ್ಕೆ ಒಂದು ಹನಿಯೂ ಉಳಿಯದ ಹಾಗೆ ಸೋಸಿ, ಅದೇ ಎಲೆಗೆ ಮತ್ತೆ ಬಿಸಿನೀರು ಹಾಕಿ. ಎರಡನೇ, ಮೂರನೇ ಸಲಕ್ಕೆ ತೊಟ್ಟಿನ ಸಮೇತ ಇಡೀ ಎಲೆ ಅರಳಿ ಪಾತ್ರೆ ತುಂಬುತ್ತೆ. ನಿಜವಾದ ರುಚಿ ಇರೋದೇ ಅಲ್ಲಿ! ಮೊದಲ ಲೋಟಕ್ಕೇ ಎಸೆದರೆ ಕೊಟ್ಟ ದುಡ್ಡಿನ ಮುಕ್ಕಾಲು ಪಾಲು ಕಸದ ಬುಟ್ಟಿಗೆ.

ಈ ಟೀಗೆ ಬರೋ "ಹಾಲಿನ ಘಮ ಎಲ್ಲಾ ಎಸೆನ್ಸ್" ಅಂತ ನೀವು ಅಂದಿದ್ದೂ ಪೂರ್ತಿ ನಿಜವಲ್ಲ. ಅಲ್ಲಿ ಹೆಚ್ಚಾಗಿ ಬೆಳೆಯೋ ಜಿನ್ ಶುವಾನ್, ಅಂದ್ರೆ ತೈವಾನಿನ 12ನೇ ನಂಬರ್ ತಳಿಗೆ ತೆಳುವಾದ ಬೆಣ್ಣೆಯಂಥ ಘಮ ಹುಟ್ಟಿನಿಂದಲೇ ಇರುತ್ತೆ. ಎಸೆನ್ಸ್ ಹಾಕಿದ ಮಾಲೂ ಮಾರ್ಕೆಟ್ಟಲ್ಲಿದೆ, ಇಲ್ಲ ಅನ್ನಲ್ಲ. ಪೊಟ್ಟಣ ಬಿಚ್ಚಿದ ತಕ್ಷಣ ಪೇಡದ ಅಂಗಡಿಗೆ ಕಾಲಿಟ್ಟ ಹಾಗಾದರೆ ಅನುಮಾನ ಪಡಿ. ಸಕ್ಕರೆ ಬೇಕಾದೋರು ಹಾಕ್ಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಮನೇಲಿ ಮಾಮೂಲಿ ಬಳಸೋ ಸಿಟಿಸಿ ಟೀ ಪುಡಿ ಥರ ಹಾಲು ಹಾಕಿ ಕುದಿಸೋದು ಮಾತ್ರ ಬೇಡ.