ವಾಚ್ ನನ್ನದು, ರಿಪೇರಿ ಮಾತ್ರ ಕಂಪನಿಯವರೇ ಮಾಡಬೇಕಾ?

ದುಡ್ಡು ಕೊಟ್ಟು ತಗೊಂಡ ವಾಚ್ ಕೆಟ್ಟರೆ ಯಾರ ಕೈಯಲ್ಲಿ ರಿಪೇರಿ ಮಾಡಿಸಬೇಕು ಅನ್ನುವುದು ನನಗೆ ಬಿಟ್ಟಿದ್ದು. ಇದರಲ್ಲಿ ಚರ್ಚೆಗೆ ಏನಿದೆ ಅಂತ ನಿಮಗೆ ಅನ್ನಿಸಬಹುದು. ಆದರೆ ದುಬಾರಿ ಸ್ವಿಸ್ ವಾಚುಗಳ ವಿಷಯದಲ್ಲಿ ಆ ಹಕ್ಕು ಕೈತಪ್ಪಿ ವರ್ಷಗಳೇ ಆದವು.

ಕೀ ಕೊಡುವ ತಿರುಪು ಇರುತ್ತದಲ್ಲ, ಅದರ ಹಿಂದೆ ಸೂಜಿಯಷ್ಟು ತೆಳುವಾದ ಒಂದು ಕಡ್ಡಿ ಇದೆ. ಸ್ಟೆಮ್ ಅನ್ನುತ್ತಾರೆ. ಅದು ಮುರಿದರೆ ಕೈ ಪಳಗಿದವರಿಗೆ ದೊಡ್ಡ ಕೆಲಸವೇನಲ್ಲ. ಹಿಂದಿನ ಮುಚ್ಚಳ ತೆಗೆದು, ಹಳೆಯದನ್ನು ಬಿಡಿಸಿ, ಹೊಸದನ್ನು ಅಳತೆಗೆ ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ ಕೂರಿಸುತ್ತಾರೆ. ಕೆಲಸ ಗೊತ್ತು, ಸಲಕರಣೆಯೂ ಇದೆ, ಆದರೆ ಆ ಕಡ್ಡಿಯನ್ನೇ ಕಂಪನಿ ಕೊಡುವುದಿಲ್ಲ ಅಂದರೆ ಅವರೇನು ಮಾಡಬೇಕು?

ಒಮೆಗಾ, ಲಾಂಜಿನ್, ಟಿಸೋ, ರಾಡೋ ಎಲ್ಲವೂ ಸ್ವಾಚ್ ಗ್ರೂಪ್ ಅನ್ನುವ ಒಂದೇ ಮನೆಯವು. 2015ರ ಕೊನೆಗೆ ಆ ಗ್ರೂಪ್ ಹೊರಗಿನ ಬಿಡಿಭಾಗ ವ್ಯಾಪಾರಿಗಳಿಗೆ ಸ್ಪೇರ್ ಕೊಡುವುದನ್ನು ನಿಲ್ಲಿಸಿತು. ಯುರೋಪಿನ ರಿಪೇರಿಯವರ ಒಕ್ಕೂಟ ಅದಕ್ಕೂ ಮುಂಚೆಯೇ, 2004ರಲ್ಲೇ, ದೊಡ್ಡ ವಾಚ್ ಕಂಪನಿಗಳು ಸ್ಪೇರ್ ಕೊಡುತ್ತಿಲ್ಲ ಅಂತ ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿತ್ತು. 2008ರಲ್ಲಿ ಕಮಿಷನ್ ದೂರನ್ನು ತಳ್ಳಿಹಾಕಿತು. 2010ರಲ್ಲಿ ಯುರೋಪಿಯನ್ ಒಕ್ಕೂಟದ ಕೋರ್ಟ್ ಅದು ತಪ್ಪು ಅಂದಿತು. 2014ರಲ್ಲಿ ಕಮಿಷನ್ ಮತ್ತೆ ತಳ್ಳಿಹಾಕಿತು, 2017ರಲ್ಲಿ ಈ ಸಲ ಕೋರ್ಟೂ ಕಮಿಷನ್ ಪರವೇ ನಿಂತಿತು. ಹದಿಮೂರು ವರ್ಷ ಓಡಾಡಿದ್ದಕ್ಕೆ ಸಿಕ್ಕಿದ್ದು ಇಷ್ಟೇ.

ಗುಣಮಟ್ಟ ಕಾಪಾಡಬೇಕು, ನಕಲಿ ಸಾಮಾನು ತಡೆಯಬೇಕು ಅನ್ನುವುದು ಕಂಪನಿಗಳ ವಾದ. ನನಗಂತೂ ಇದು ಸ್ವಲ್ಪವೂ ಒಪ್ಪಿಗೆಯಾಗುವುದಿಲ್ಲ. ಅಸಲಿ ಸ್ಪೇರ್ ಅಂಗಡಿಯವರಿಗೆ ಸಿಕ್ಕರೆ ನಕಲಿಗೆ ಗಿರಾಕಿ ಎಲ್ಲಿರುತ್ತಾರೆ? ಗುಣಮಟ್ಟದ ಚಿಂತೆ ನಿಜವಾಗಿ ಇದ್ದರೆ ಒಂದು ಪರೀಕ್ಷೆ ಇಡಿ, ಪಾಸಾದವರಿಗೆ ಕೊಡಿ. ಅದು ಬಿಟ್ಟು, ಕಂಪನಿ ಹೇಳಿದ ದುಬಾರಿ ಯಂತ್ರಗಳನ್ನೆಲ್ಲ ತಂದಿಟ್ಟುಕೊಂಡವರಿಗೆ ಮಾತ್ರ ಅಂದರೆ, ಒಂದು ಮೇಜು, ಒಂದು ಲೆನ್ಸ್ ಇಟ್ಟುಕೊಂಡು ಜೀವನ ಮಾಡುವವರು ಎಲ್ಲಿಗೆ ಹೋಗಬೇಕು?

ನಮ್ಮ ಎಚ್‌ಎಂಟಿ ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಮಾಡಲು ಶುರು ಮಾಡಿದರು, 2016ರಲ್ಲಿ ಸರ್ಕಾರ ಆ ವಾಚ್ ಕಂಪನಿಯ ಬಾಗಿಲು ಹಾಕಿಸಿತು. ಆದರೂ ಅವರ ಜನತಾ ಅನ್ನುವ ಮಾಡೆಲ್‌ನ ವಾಚ್ ಇವತ್ತಿಗೂ ರಿಪೇರಿ ಆಗುತ್ತದೆ. ಓಡದೆ ಬಿದ್ದ ವಾಚುಗಳನ್ನು ಬಿಚ್ಚಿ, ಚಕ್ರ, ಸ್ಪ್ರಿಂಗ್, ಸ್ಟೆಮ್ ಬೇರೆ ಬೇರೆ ಡಬ್ಬಿಗಳಲ್ಲಿ ಜೋಡಿಸಿಟ್ಟುಕೊಂಡವರು ಇದ್ದಾರಲ್ಲ, ಅವರಿಂದ. ಕಂಪನಿ ಮುಚ್ಚಿದ ಮೇಲೂ ವಾಚ್ ಓಡುತ್ತಿದೆ, ಆ ಕಡೆ ಸ್ವಿಸ್ ಕಂಪನಿ ಚೆನ್ನಾಗಿ ನಡೆಯುತ್ತಿದ್ದರೂ ವಾಚ್ ಮೂಲೆಗೆ ಬೀಳುತ್ತಿದೆ. ಇದು ಅನ್ಯಾಯ ಅಲ್ವಾ?

ನಮ್ಮ ದೇಶದಲ್ಲಿ ದಾರಿ ಇಲ್ಲ ಅಂತೇನಿಲ್ಲ. 2014ರ ಆಗಸ್ಟ್‌ನಲ್ಲಿ, ಮಾರುಕಟ್ಟೆಯಲ್ಲಿ ನ್ಯಾಯವಾದ ಪೈಪೋಟಿ ಇರುವಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗ (ಸಿಸಿಐ) 14 ಕಾರ್ ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಅಲ್ಲಿದ್ದದ್ದೂ ಇದೇ ದೂರು: ಹೊರಗಿನ ಗ್ಯಾರೇಜಿಗೆ ಸ್ಪೇರ್ ಕೊಡುವುದಿಲ್ಲ. ಕಂಪನಿಗಳು ಮೇಲ್ಮನವಿಗೆ ಹೋದವು, ಸರಿ. ಆದರೆ ಇದರಿಂದ ಪೈಪೋಟಿಗೂ ಗಿರಾಕಿಗೂ ಹಾನಿ ಅಂತ ಒಂದು ಸಂಸ್ಥೆ ಬರೆದು ಹೇಳಿತಲ್ಲ, ಅದು ಸಣ್ಣ ವಿಷಯವಲ್ಲ. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆ ಸಮಿತಿ ಮಾಡಿದಾಗ ಮೊದಲು ಆರಿಸಿದ್ದು ಕೃಷಿ ಯಂತ್ರ, ಮೊಬೈಲ್, ಮನೆಬಳಕೆಯ ಉಪಕರಣ, ವಾಹನ. ಆ ನಾಲ್ಕರಲ್ಲಿ ಕೈಗಡಿಯಾರದ ಹೆಸರಿಲ್ಲ.

ವಾಚನ್ನೂ ಸೇರಿಸಬೇಕು. ವಾಚ್ ಮಾರುವಾಗಲೇ ಸ್ಪೇರ್ ಎಷ್ಟು ವರ್ಷ ಸಿಗುತ್ತದೆ, ರೇಟ್ ಎಷ್ಟು ಅಂತ ಬರೆದುಕೊಡಬೇಕು. ನಿಮ್ಮ ರಿಪೇರಿಯವರು "ಸ್ಪೇರ್ ಕೊಡ್ತಿಲ್ಲ ಸಾರ್" ಅಂದರೆ ಸುಮ್ನೆ ವಾಪಸ್ ಬರಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ವಾಚಿನ ಮಾಡೆಲ್ ಹೇಳಿ, ದೂರು ಬರೆಸಿ.